ಕೌದಿ ಕೆಲಸಕ್ಕೆ ಹೋಗಿದೆ

ಮೊನ್ನೆ ಹಳೆಯ ಕೌದಿಯನ್ನು ಗಂಟಿನಿಂದ ತೆಗೆದು ಮಾಳಿಗೆಯ ಬಿಸಿಲಿಗೆ ಹಾಕಿದ್ದೆ. ದೀಪಾವಳಿ ಸೂಟಿಗೆ ಬಂದಿರುವ ಮೊಮ್ಮಗಳು ಅಕ್ಷತಾ ಅದರ ಮೇಲೆ ಉರುಳಿದವಳು ಮೂಗು ಹಿಡಿದುಕೊಂಡು ಎದ್ದಳು. "ಆಯಿ, ಏನಿದು, ಡಾಂಬರ ಗುಳಗಿ ವಾಸನಿ!"

ಬಟ್ಟೆಗೆ ಹುಳ ಹತ್ತದಂತೆ ಇಡುವ ಡಾಂಬರ ಗುಳಿಗೆಯನ್ನು ನಮ್ಮ ಮನೆಯಲ್ಲಿ ಯಾರೂ ತಂದವರಲ್ಲ. ಅದು ಈ ಕೌದಿ ಊರೂರು ತಿರುಗಿ ಹಚ್ಚಿಕೊಂಡು ಬಂದ ವಾಸನೆ. ಎಷ್ಟು ಒಗೆದರೂ ಹೋಗಿಲ್ಲ. ಮೊಮ್ಮಕ್ಕಳೇ, ಆ ಕಥೆಯನ್ನು ನಿಮಗೆ ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಎದುರಿಗಿದ್ದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೌದಿಯನ್ನು ಹೊಲಿದದ್ದು ನಾನು ಮತ್ತು ನಮ್ಮ ಅತ್ತೆ. ಒಳಗೆ ನಿಮ್ಮ ಅಜ್ಜನ ಹಳೆಯ ಧೋತರ, ಮೇಲೆ ಅತ್ತೆಯ ಸೀರೆಗಳ ತುಂಡುಗಳು. ಕೊನೆಯ ಮೂಲೆ ಮುಚ್ಚುವ ಮೊದಲು ಅತ್ತೆ ರೊಟ್ಟಿಯ ಒಂದು ಚೂರನ್ನು ಒಳಗಿಟ್ಟರು. "ಕೌದಿ ಉಪಾಸ ಇರಬಾರದವಾ. ಹಸದ ಕೌದಿ ಬೆಚ್ಚಗ ಇಡೂದಿಲ್ಲ" ಎಂದರು. ನಾನು ಹಡೆದ ಮಕ್ಕಳೆಲ್ಲ ಮೊದಲು ಮಲಗಿದ್ದು ಅದರ ಮೇಲೆಯೇ.

ನಿಮ್ಮ ಅಜ್ಜ ತೀರಿಕೊಂಡ ಮೇಲಿನ ಮಾತು. ಬೈಲಹೊಂಗಲದಲ್ಲಿ ನಿವೃತ್ತರಾದ ಕೆಲವು ಮಾಸ್ತರರು ಕೂಡಿ ಇತಿಹಾಸ ಸಂಘವೊಂದನ್ನು ಕಟ್ಟಿದ್ದರು. ಸಾಲೆಯ ಮಕ್ಕಳಿಗೆ ಹಳೆಯ ಗುಡಿಗಳನ್ನು ತೋರಿಸುವುದು, ರವಿವಾರ ಹಳ್ಳಿಗಳಲ್ಲಿ ಭಾಷಣ ಮಾಡುವುದು ಅವರ ಕೆಲಸ. ನಮ್ಮ ಕಡೆ ಇತಿಹಾಸವೆಂದರೆ ಕಿತ್ತೂರಿನ ಕೋಟೆ, ಕತ್ತಿ, ಕುದುರೆ. ಸಂಘದ ಸಂಗಪ್ಪ ಮಾಸ್ತರರಿಗೆ ಮಾತ್ರ ಅಡುಗೆಮನೆಯದೂ ಇತಿಹಾಸವೇ ಅನ್ನಿಸಿತ್ತು. ಟೆಂಪೋ ತೆಗೆದುಕೊಂಡು ಮನೆಮನೆಗೆ ಬಂದು ಹಳೆಯ ಸಾಮಾನು ಕೇಳುತ್ತಿದ್ದರು. ನಮ್ಮ ಮಂಚದ ಮೇಲಿನ ಕೌದಿ ಅವರ ಕಣ್ಣಿಗೆ ಬಿತ್ತು.

"ಎಂಟ ದಿವಸದ ಮಾತ್ರೀ ಅಕ್ಕಾರ. ಪ್ರದರ್ಶನ ಮುಗದ ಮ್ಯಾಲೆ ನಾನ ತಂದ ಕೊಡ್ತೇನಿ."

ನಾನು ತಲೆಯಾಡಿಸಿದೆ.

ಪ್ರದರ್ಶನ ಜನರಿಗೆ ಬಹಳ ಹಿಡಿಸಿತು. ಮುರಗೋಡದವರು ನಮ್ಮಲ್ಲಿಗೂ ತನ್ನಿರಿ ಎಂದರು. ಆಮೇಲೆ ಇನ್ನೊಂದು ಊರು, ಮತ್ತೊಂದು ಊರು. ಕೌದಿಯನ್ನು ಕೇಳಿ ತರಬೇಕೆಂದು ಪಕ್ಕದ ಮನೆಯ ನೀಲವ್ವನನ್ನು ಕರೆದುಕೊಂಡು ಬಸ್ಸು ಹತ್ತಿ ಮುರಗೋಡಕ್ಕೆ ಹೋದೆ. ಕೌದಿ ಗೋಡೆಯ ಮೇಲೆ ಹಗ್ಗಕ್ಕೆ ತೂಗುತ್ತಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ, ಹಿಂದಿನ ಸಾಲಿನಲ್ಲಿ ಕುಳಿತು ಭಾಷಣ ಕೇಳಿದೆ, ಚುರಮರಿ ತಿಂದು ಚಹಾ ಕುಡಿದು ತಿರುಗಿ ಬಂದೆ.

"ಕೇಳಿದಿ?" ಎಂದಳು ನೀಲವ್ವ ಬಸ್ಸಿನಲ್ಲಿ.

"ಇಲ್ಲ."

"ನಿಮ್ಮತ್ತಿ ರೊಟ್ಟಿ ಸಂಗಾಟ ನಿನ್ನ ಬಾಯೀನೂ ಕೌದ್ಯಾಗಿಟ್ಟ ಹೊಲದಾಳೇನ?"

ಹೀಗೆ ಕೌದಿ ಹೋದ ಊರಿಗೆಲ್ಲ ಹೋದೆ. ಕೌದಿ ಕೇಳಲಾಗಲಿಲ್ಲ, ಅಷ್ಟರಲ್ಲಿ ಭಾಷಣ ಕೇಳಿ ಕೇಳಿ ಚಾಲುಕ್ಯರ ವಿಷಯ ಬೇಡವೆಂದರೂ ತಲೆಗೆ ಹತ್ತಿತ್ತು. ಒಂದು ಸಭೆಯೂ ತಪ್ಪಿಸದ ಹೆಣ್ಣುಮಗಳೆಂದು ಮಾಸ್ತರರಿಗೆ ನನ್ನ ಮೇಲೆ ಗೌರವ ಬೆಳೆಯಿತು. ನನ್ನನ್ನು ಸಂಘದ ಮಹಿಳಾ ಸಮಿತಿಗೆ ಸೇರಿಸಿದರು. ಅದಕ್ಕೂ ತಲೆಯಾಡಿಸಿದೆ. ನೀಲವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಸಾಲಹಳ್ಳಿಯ ಸಾಲೆಯಲ್ಲಿ ಇಲಿ ಬಂದು ಕೌದಿಯ ಮೂಲೆ ಕಡಿಯಿತು. "ಇಷ್ಟ ಸಾಮಾನ ಬಿಟ್ಟ ಇದನ್ನ ಯಾಕ ಹುಡಿಕ್ಯಾಡಿತ್ರಿ ಅದು?" ಎಂದು ಮಾಸ್ತರರು ಪೇಚಾಡಿದರು. ಯಾಕೆಂದು ನನಗೆ ಗೊತ್ತಿತ್ತು. ಆವತ್ತಿನಿಂದ ಕೌದಿಗೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಡಾಂಬರ ಗುಳಿಗೆ, ಮೇಲೆ 'ಮುಟ್ಟಬೇಡಿರಿ' ಎಂಬ ಬೋರ್ಡು. ಮೊದಲು ಅತ್ತಿತ್ತ ನೋಡಿ ಅಂಚನ್ನಾದರೂ ಸವರುತ್ತಿದ್ದೆ. ಈಗ ಅದೂ ಹೋಯಿತು.

ಅಷ್ಟರಲ್ಲಿ ಮಗಳು ಶಾಂತಾ ಚೊಚ್ಚಲ ಬಾಣಂತನಕ್ಕೆ ರಾಮದುರ್ಗದಿಂದ ಬಂದಳು. ಬಂದವಳೇ ಮಂಚ ನೋಡಿದಳು.

"ಯವ್ವಾ, ಕೌದಿ ಎಲ್ಲೈತಿ?"

"ಸಂಘದಾಗ."

"ನನ್ನ ಕೂಸಿಗೆ ಏನ ಹಾಸ್ತಿ ಹಂಗಾರ? ಸಂಘಾ ಹಾಸ್ತಿ?"

ನಾನು ಒಲೆಯ ಕಡೆ ತಿರುಗಿದೆ. ಹೊಸ ಹಾಸಿಗೆ ಕೊಳ್ಳಬಹುದಿತ್ತು, ನಿಜ. ಆದರೆ ಈ ಮನೆಯ ಕೂಸು ಮಲಗುವುದು ಆ ಕೌದಿಯ ಮೇಲೆ. ಅವಳಿಗೂ ಬೇರೆಯದು ಬೇಕಿರಲಿಲ್ಲ, ನನಗೂ ಬೇಕಿರಲಿಲ್ಲ.

ಅವಳಿಗೆ ದಿನ ತುಂಬುತ್ತ ಬಂದಾಗ ಹೂಲಿಯ ಗುಡಿಯ ಅಂಗಳದಲ್ಲಿ ಸಂಘದ ಕಾರ್ಯಕ್ರಮವಿತ್ತು. ಈ ಸಲ ಕೇಳಿಯೇ ತೀರುವೆನೆಂದು ಹೋದೆ. ಹೋಗಿ ಎಂದಿನಂತೆ ಹಿಂದೆ ಕುಳಿತೆ. ಮಾಸ್ತರರು ಮೈಕಿನಲ್ಲಿ, "ಈಗ ನಮ್ಮ ಮಹಿಳಾ ಸಮಿತಿಯ ಅಕ್ಕಾರು ಎರಡ ಮಾತ ಆಡ್ತಾರ" ಎಂದು ನನ್ನ ಹೆಸರು ಕರೆದುಬಿಟ್ಟರು. ನೀಲವ್ವ ಹಿಂದಿನಿಂದ ದಬ್ಬಿದಳು. ಮೈಕಿನ ಮುಂದೆ ನಿಂತಾಗ ಜನ ಕಾಣಲಿಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ಕಿನೊಳಗಿನ ಕೌದಿಯೊಂದೇ ಕಂಡಿತು.

"ಮಗಳು ಹಡ್ಯಾಕ ಬಂದಾಳ್ರಿ. ನನ್ನ ಕೌದಿ ಕೊಡ್ರಿ."

ಇಡೀ ಹೂಲಿಗೆ ಕೇಳಿತು. ಕಂಬಕ್ಕೆ ಆತು ಕುಳಿತಿದ್ದ ಆ ಊರಿನ ಮುದುಕಿಯೊಬ್ಬಳು, "ಮೊದಲ ಕೊಡ್ರ್ಯೋ! ನಿಮ್ಮ ಪ್ರದರ್ಶನ ಮುಗಿಯೂ ತನಕಾ ಕೂಸು ಹೊಟ್ಟ್ಯಾಗ ಕುಂತಿರತೈತೇನ?" ಎಂದಳು. ಅಂಗಳವೆಲ್ಲ ನಕ್ಕಿತು.

ಮಾಸ್ತರರು ತಾವೇ ಎದ್ದು ಹಗ್ಗ ಬಿಚ್ಚಿದರು. ಕೌದಿ ಮಡಚಲು ಬಾರದೆ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಮೊದಲ ಹೇಳಬಾರದಿತ್ತೇನ್ರಿ ಅಕ್ಕಾರ?"

"ಹೇಳಾಕಂತನ ಎಲ್ಲಾ ಊರಿಗೆ ಬಂದಿದ್ನ್ರಿ ಮಾಸ್ತರ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ಪ್ರದರ್ಶನಕ್ಕೆ ಹೋಗಿ ಬಂದ ನೀಲವ್ವ ಸುದ್ದಿ ತಂದಳು. ಕೌದಿ ತೂಗುತ್ತಿದ್ದ ಜಾಗವನ್ನು ಖಾಲಿಯೇ ಬಿಟ್ಟು ಮಾಸ್ತರರು ತಮ್ಮ ದುಂಡಕ್ಷರದಲ್ಲಿ ಒಂದು ಬೋರ್ಡು ಬರೆದಿದ್ದರಂತೆ: 'ಕೌದಿ ಕೆಲಸಕ್ಕೆ ಹೋಗಿದೆ.' ಜನ ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರಂತೆ. ಅದನ್ನು ಓದಿದ ಮೇಲೆ ಸಾಮಾನು ಕೊಟ್ಟಿದ್ದ ಉಳಿದವರು ಸುಮ್ಮನಿರುತ್ತಾರೆಯೇ? ಬಿತ್ತನೆಗೆ ಒಬ್ಬರು ಕೂರಿಗೆ ಒಯ್ದರು, ಮದುವೆಗೆ ಇನ್ನೊಬ್ಬರು ತಾಮ್ರದ ಹಂಡೆ ಒಯ್ದರು. ಬೋರ್ಡುಗಳು ಹೆಚ್ಚುತ್ತ ಹೋದವು. "ಇದು ಇತಿಹಾಸ ಸಂಘಾನೋ, ಬಾಡಿಗಿ ಪಾತ್ರಿ ಅಂಗಡ್ಯೋ?" ಎಂದು ಸಂಘದವರೇ ಒಬ್ಬರು ಸಿಡುಕಿದರಂತೆ. ಮಾಸ್ತರರು ಮಾತ್ರ ಯಾರಿಗೂ ಇಲ್ಲವೆನ್ನಲಿಲ್ಲ. ಕೆಲಸ ಮುಗಿದ ಮೇಲೆ ಹಂಡೆ ತಾನಾಗಿ ತಿರುಗಿ ಬಂತು. ನಾನು ಕೌದಿ ಕೊಡಲಿಲ್ಲ.

ಕೌದಿ ಮನೆಗೆ ಬಂದ ದಿನವೇ ಇಲಿ ಕಡಿದ ಮೂಲೆಗೆ ರೊಟ್ಟಿಯ ಹೊಸ ಚೂರು ಇಟ್ಟು ತೇಪೆ ಹಾಕಿದೆ. ಮರುವಾರ ಅದರ ಮೇಲೆ ಮಲಗಿದ ಕೂಸು ಅಕ್ಷತಾ. ಆಗ ಮೂಗು ಮುಚ್ಚಿಕೊಂಡಿರಲಿಲ್ಲ.

ಮೊನ್ನೆ ಬಿಸಿಲಿಗೆ ಹಾಕಿದ್ದು ಚಳಿಗೆಂದಲ್ಲ. ಮಾಸ್ತರರಿಗೆ ಈಗ ಓಡಾಡಲು ಆಗುವುದಿಲ್ಲ. ಸಂಘದ ಹೊಸಬರು ಕಿತ್ತೂರಿನಲ್ಲಿ ಪ್ರದರ್ಶನ ಮಾಡುತ್ತಾರಂತೆ, ಕೌದಿ ಕೊಡಲು ಸಾಧ್ಯವೇ ಎಂದು ಮಾಸ್ತರರು ಫೋನು ಮಾಡಿಸಿದ್ದರು. ನಿನ್ನೆ ಆ ಹೊಸಬರು ಬಂದು ಒಯ್ದರು. ಎಂಟೇ ದಿನ, ಪ್ಲಾಸ್ಟಿಕ್ ಬೇಡ, ಗುಳಿಗೆ ಬೇಡ, ಮುಟ್ಟುವವರು ಮುಟ್ಟಲಿ ಎಂದು ಬಾಗಿಲಲ್ಲಿ ನಿಂತು ಹೇಳಿ ಕಳಿಸಿದೆ. ನನ್ನ ದನಿ ತನ್ನ ಹಿತ್ತಲಿಗೂ ಕೇಳಿ, ಯಾರ ಜೊತೆ ಜಗಳವೆಂದು ವಿಚಾರಿಸಲು ನೀಲವ್ವ ಬಂದಳು.

ಇಷ್ಟು ಬರೆದು ಮಲಗಲು ಹೋದರೆ ಮಂಚದ ತಲೆಕಡೆಗೆ ಒಂದು ರಟ್ಟಿನ ತುಂಡು ತೂಗುತ್ತಿದೆ. ನಾನು ನಡುವೆ ಎದ್ದು ಹೋದಾಗ ಬರೆದದ್ದನ್ನು ಅಕ್ಷತಾ ಕದ್ದು ಓದಿದ್ದಾಳೆ. ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ: 'ಕೌದಿ ಕೆಲಸಕ್ಕೆ ಹೋಗಿದೆ.'