ಅಂಚು ಸವೆಯದ ಚಿಪ್ಪು

ಹೋದ ತಿಂಗಳು ಹೊಸ ಕಾಯಿ ಏರಿಸಲು ಅಟ್ಟ ಖಾಲಿ ಮಾಡಿಸುತ್ತಿದ್ದೆ. ಕಾಯಿ ಒಣಗಿ ಕೊಬ್ಬರಿಯಾಗುವ ಅಟ್ಟಕ್ಕೆ ಒಂದು ವಾಸನೆ ಇರುತ್ತದೆ. ಎಣ್ಣೆ, ಧೂಳು, ಇಲಿ ಎಲ್ಲ ಸೇರಿದ್ದು. ಅದರಲ್ಲೇ ಬೆಳೆದ ನನ್ನ ಮೂಗಿಗೆ ಅದು ತಾಗುವುದೂ ಇಲ್ಲ. ಆದರೆ ಮೂಲೆಯಲ್ಲಿದ್ದ ನನ್ನ ಹೈಸ್ಕೂಲಿನ ತಗಡಿನ ಪೆಟ್ಟಿಗೆ ತೆರೆದಾಗ ಅದೇ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಒಳಗೆ, ಹಳೆಯ ಪುಸ್ತಕಗಳ ಕೆಳಗೆ, ತೆಂಗಿನಕಾಯಿಯ ಒಂದು ಅರ್ಧ ಚಿಪ್ಪು. ಹೊರಮೈ ಮೇಲೆ ಮೊಳೆಯಿಂದ ಕೊರೆದ ನನ್ನ ಹಾಜರಿ ನಂಬರು.

"ಒಲೆಗಾಕ್ಲಾ ಅವ್ವ?" ಎಂದು ಕೆಲಸದ ಹೆಂಗಸು ಕೈ ಚಾಚಿದಳು. ನಾನು ಕೊಡಲಿಲ್ಲ.

ನಮ್ಮ ಇಂಗ್ಲಿಷ್ ಮೇಷ್ಟ್ರು ಹುಳಿಯಾರಿನ ಹತ್ತಿರದ ನಮ್ಮೂರಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ತೆಂಗಿಲ್ಲದ ಸೀಮೆಯವರು, ಒಂಟಿ. ನಮ್ಮ ತೋಟದ ಅಂಚಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಅವರು ಬರುವ ಮೊದಲು ಇಂಗ್ಲಿಷ್ ಎಂದರೆ ನಮಗೆ ಬಾಯಿಪಾಠ. ಪ್ರಶ್ನೆಯ ಮೊದಲ ಎರಡು ಪದ ಕೇಳಿದರೆ ಸಾಕು, ಪೂರ್ತಿ ಉತ್ತರ ಉದುರಿಸುತ್ತಿದ್ದೆವು. ಅದರಲ್ಲಿ ನಾನೇ ಮುಂದು.

ಬಂದ ವಾರದಲ್ಲೇ ಅವರು ಒಂದು ಕೆಲಸ ಮಾಡಿದರು. ಬಾಯಿಗೆ ಬಂದ ಸದ್ದುಗಳನ್ನೆಲ್ಲ ಇಂಗ್ಲಿಷಿನ ರಾಗದಲ್ಲಿ ಎರಡು ನಿಮಿಷ ಹೇಳಿ, "ಅಂಡರ್‌ಸ್ಟುಡ್?" ಎಂದು ಕೇಳಿದರು. ಇಡೀ ತರಗತಿ "ಯೆಸ್ ಸಾರ್" ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿದ್ದದ್ದು ನನ್ನ ದನಿ. ಮೇಷ್ಟ್ರು ಕುರ್ಚಿಯಲ್ಲಿ ಕೂತುಬಿಟ್ಟರು. ಮಾರನೆಯ ದಿನ ಎಲ್ಲರೂ ಮನೆಯಿಂದ ಒಂದೊಂದು ಚಿಪ್ಪು ತರಬೇಕು ಎಂದರು. ಕೊಬ್ಬರಿ ತೆಗೆದ ಚಿಪ್ಪಲ್ಲ, ಅದು ಚೂರಾಗಿರುತ್ತದೆ. ಅಡುಗೆಗೆ ಒಡೆದ ಕಾಯಿಯ ಅರ್ಧ ಚಿಪ್ಪು.

ನಿಯಮ ಇಷ್ಟೇ. ದೊಡ್ಡವರ ಎದುರು "ತಿಳಿಯಲಿಲ್ಲ" ಎನ್ನಲು ನಮಗೆ ನಾಚಿಕೆ, ಭಯ. ಹಾಗಾಗಿ ಬಾಯಿ ಬಿಡುವುದು ಬೇಡ, ಚಿಪ್ಪನ್ನು ಬೆಂಚಿನ ಮೇಲೆ ಕುಟ್ಟಿದರೆ ಸಾಕು, ಅವರು ಇನ್ನೊಮ್ಮೆ ಹೇಳುತ್ತಾರೆ. ಆಮೇಲಾಮೇಲೆ ಕುಟ್ಟಿ "ಒನ್ಸ್ ಮೋರ್ ಪ್ಲೀಸ್" ಎನ್ನಬೇಕು. ಕೊನೆಗೆ ಚಿಪ್ಪಿಲ್ಲದೆಯೂ ಹಾಗೆನ್ನಲು ಬಂದರೆ ಇಂಗ್ಲಿಷ್ ಬಂದಂತೆ ಎನ್ನುತ್ತಿದ್ದರು.

ಮೊದಲು ಕುಟ್ಟಿದವಳು ಹಿಂದಿನ ಬೆಂಚಿನ ಹುಡುಗಿ, ಕುರಿ ಸಾಕುವವರ ಹಟ್ಟಿಯಿಂದ ನಡೆದು ಬರುತ್ತಿದ್ದವಳು. ಒಂದೊಂದು ಮಾತಿಗೂ ಟಕ್ ಟಕ್ ಟಕ್.

"ಮೆಲ್ಲಗೆ ಕಣೇ, ಬೆಂಚು ಮುರ್ದೋದಾತು!" ಎಂದು ಪಕ್ಕದವಳು ನಗುತ್ತಿದ್ದಳು.

"ಮುರೀಲಿ ಬುಡು, ನಂಗ್ ತಿಳೀಬೇಕು," ಎನ್ನುತ್ತಿದ್ದಳು ಅವಳು.

ಆ ವರ್ಷದಲ್ಲಿ ಅವಳ ಚಿಪ್ಪು ಮೂರು ಸಲ ಒಡೆದು, ಮೂರು ಸಲ ಹೊಸದು ಬಂತು.

ನಾನು ಒಂದು ಸಲವೂ ಕುಟ್ಟಲಿಲ್ಲ. ಬಸ್ ಸ್ಟ್ಯಾಂಡು, ಪೋಸ್ಟಾಫೀಸು, ಆಸ್ಪತ್ರೆ ಎಂದು ಅವರು ಆಟ ಆಡಿಸುತ್ತಿದ್ದರು. ಒಮ್ಮೆ ಅವರು ಡಾಕ್ಟರು, ನಾನು ರೋಗಿ. ನಾನು ಹೇಳಬೇಕಾದದ್ದನ್ನೆಲ್ಲ ಮನೆಯಲ್ಲೇ ಉರು ಹೊಡೆದಿದ್ದೆ. ಅವರು ನಡುವೆ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು. ನಾನು ನನ್ನ ಮುಂದಿನ ಸಾಲನ್ನೇ ಹೇಳಿದೆ, ನಗುತ್ತಲೇ. ಸಂಜೆ ತೋಟದ ದಾರಿಯಲ್ಲಿ ಸಿಕ್ಕಾಗ ಅವರು ನನ್ನ ಚಿಪ್ಪು ಇಸಕೊಂಡು ಅಂಚಿನ ಮೇಲೆ ಬೆರಳಾಡಿಸಿದರು.

"ಎಲ್ಲರದೂ ಸವೆದಿದೆ ಕಣಮ್ಮ, ನಿನ್ನದು ಹೊಸದಾಗೇ ಇದೆ. ನಂಗೆ ಇದನ್ನ ನೋಡಿದ್ರೇ ಭಯ."

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಕೇಳಲೂ ಇಲ್ಲ...

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಶನಿವಾರ ಬೆಳಗ್ಗೆ, ಮೇಷ್ಟ್ರು ತೋಟದೊಳಗಿಂದ ಸ್ಕೂಲಿಗೆ ಹೊರಟಿದ್ದರು. ನಾವು ತೋಟದಲ್ಲಿ ನಡೆಯುವಾಗ ನಮಗೇ ಗೊತ್ತಿಲ್ಲದೆ ಮೇಲೆ ನೋಡುತ್ತೇವೆ, ಒಣಗಿದ ಗೊನೆಯ ಕೆಳಗೆ ನಿಲ್ಲುವುದಿಲ್ಲ. ಅವರಿಗೆ ಆ ರೂಢಿ ಇರಲಿಲ್ಲ. ಕೈಯಲ್ಲಿದ್ದ ಪುಸ್ತಕ ಓದುತ್ತ ನಡೆಯುತ್ತಿದ್ದರು. ಕಾಯಿ ತಲೆಯ ಪಕ್ಕಕ್ಕೆ ತಾಗಿ ಭುಜದ ಮೇಲೆ ಬಿತ್ತು. ನಾವು ಓಡಿ ಹೋದಾಗ ಎದ್ದು ಕೂತಿದ್ದರು, ಮಾತಾಡುತ್ತಿದ್ದರು. ಕಿವಿಯ ಮೇಲೆ ರಕ್ತ.

ಅಪ್ಪ ಪಕ್ಕದ ಮನೆಯವರ ಟೆಂಪೊ ಹೊರಡಿಸಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ನಾನೂ ಹತ್ತಿದೆ. ಹೊಲಿಗೆ ಹಾಕಿದ ಡಾಕ್ಟರು ಚಿಕ್ಕ ವಯಸ್ಸಿನವರು, ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ನರ್ಸಮ್ಮ ಯಾವುದೋ ಹೆರಿಗೆಗೆಂದು ಒಳಗೆ ಹೋಗಿದ್ದರು. ಮೇಷ್ಟ್ರು ಹೊಲಿಗೆಯ ನೋವಿಗೆ ಕಣ್ಣು ಮುಚ್ಚಿ ಪರದೆಯ ಆಚೆ ಮಲಗಿದ್ದರು. ಡಾಕ್ಟರು ಹೊರಗೆ ಬಂದು ಯಾರ ಹತ್ತಿರ ಮಾತಾಡಲಿ ಎಂದು ಸುತ್ತ ನೋಡಿದಾಗ ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು.

"ನಮ್ಮುಡ್ಗಿಗೆ ಇಂಗ್ಲಿಷ್ ಬತ್ತದೆ ಸ್ವಾಮಿ. ಇವಳಿಗೇ ಹೇಳಿ."

ಸುತ್ತ ಹತ್ತು ಹನ್ನೆರಡು ಜನ ಕೂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು. ಡಾಕ್ಟರು ಸಮಾಧಾನವಾದವರಂತೆ ಸರಸರನೆ ಹೇಳತೊಡಗಿದರು. ಅಷ್ಟರಲ್ಲಿ ನನಗೆ ಸಿಕ್ಕಿದ್ದು ಒಂದೇ ಪದ, ರೆಸ್ಟ್. ಉಳಿದದ್ದು ಮೇಷ್ಟ್ರು ಮೊದಲ ವಾರ ಹೇಳಿದ ಸದ್ದುಗಳ ಹಾಗೆ ಕಿವಿಯ ಪಕ್ಕದಿಂದ ಹಾದು ಹೋಯಿತು. ಕೊನೆಗೆ ಅವರು ಬೆರಳೆತ್ತಿ "ಅಂಡರ್‌ಸ್ಟುಡ್?" ಎಂದರು.

"ಯೆಸ್ ಸಾರ್," ಎಂದೆ.

ಅಪ್ಪ ಸುತ್ತ ಕೂತವರ ಕಡೆ ಒಮ್ಮೆ ನೋಡಿದರು. ಆ ಮುಖ ನನಗೆ ಈಗಲೂ ಕಾಣುತ್ತದೆ.

ವಾಪಸು ಬರುವಾಗ ಮೇಷ್ಟ್ರು ಕೇಳಿದರು, "ಡಾಕ್ಟ್ರು ಏನಂದ್ರಮ್ಮ?"

"ರೆಸ್ಟ್ ತಗೋಬೇಕಂತೆ ಸಾರ್."

"ಇಂಗ್ಲಿಷಲ್ಲೇ ಹೇಳಿದ್ರಾ? ನೀನೇ ಮಾತಾಡಿದೆಯಾ?"

"ಅವಳೇ ಕಣ್ರೀ ಮೇಷ್ಟ್ರೇ," ಎಂದರು ಅಪ್ಪ. "ಟಸ್ಸು ಪುಸ್ಸು ಅಂತ ನಿಂತ್ಕಂಡು ಮಾತಾಡುದ್ಲು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಸಾಕು ಬಿಡಿ. ನಾನು ಈ ಊರಿಗೆ ಬಂದದ್ದಕ್ಕೂ ಸಾರ್ಥಕ ಆಯ್ತು," ಎಂದರು.

ಮಧ್ಯಾಹ್ನ ಅವರಿಗೆ ವಾಂತಿಯಾಯಿತು. "ಪಿತ್ತ ಕಣೇ, ಬೆಳಗ್ಗಿಂದ ಹೊಟ್ಟೇಲಿ ಏನೂ ಇಲ್ಲ," ಎಂದರು ಅವ್ವ. ನಾನು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟೆ. ಎರಡು ಗುಟುಕು ಕುಡಿದು ಮಲಗಿದರು. ನಾನು ಬಾಗಿಲ ಹೊರಗೆ ಜಗಲಿಯ ಮೇಲೆ ಕಾವಲು ಕೂತೆ. ನನಗೆ ತಿಳಿದಿದ್ದ ಒಂದೇ ಪದವನ್ನು ನಾನು ಕಾಯುತ್ತಿದ್ದೆ. ಕೋಳಿ ಬಂದರೆ ಓಡಿಸಿದೆ. ಸ್ಕೂಲು ಬಿಟ್ಟ ಮೇಲೆ ಸಾರನ್ನು ನೋಡಬೇಕೆಂದು ಬಂದ ಹುಡುಗಿಯರನ್ನು ಮೆಟ್ಟಿಲ ಕೆಳಗೇ ತಡೆದೆ. ಒಳಗಿನಿಂದ ಗೊರಕೆ ಕೇಳುತ್ತಿತ್ತು, ಅವರಿಗೆ ಮೊದಲೆಂದೂ ಇರದಿದ್ದ ಗೊರಕೆ.

ಹಟ್ಟಿಯ ಹುಡುಗಿ ಕಿವಿಗೊಟ್ಟು ಕೇಳಿದಳು. "ಇದೇನೇ, ಹಿಂಗೆ ಗೊರೀತಾವ್ರೆ? ಎಬ್ಬಿಸೇ ಒಂದ್ಸಲ."

"ಬ್ಯಾಡ. ಡಾಕ್ಟ್ರು ರೆಸ್ಟ್ ಅಂದವ್ರೆ."

"ಎಷ್ಟೊತ್ತು ಅಂತ ಕೇಳ್ದ್ಯಾ?"

"ಎಲ್ಲಾ ಇಂಗ್ಲಿಷಲ್ಲಿ ಹೇಳವ್ರೆ. ನಿಂಗೇನ್ ಗೊತ್ತಾಗುತ್ತೆ ಬುಡು."

ಅವಳು ಹೊರಟುಹೋದಳು.

ಬಿಸಿಲು ಇಳಿದ ಮೇಲೆ ಅವ್ವ ಕಾಫಿ ತಂದು ಕೂಗಿದರು. ಭುಜ ಹಿಡಿದು ಅಲುಗಾಡಿಸಿದರು. ಮೇಷ್ಟ್ರು ಏಳಲಿಲ್ಲ. ಮತ್ತೆ ಅದೇ ಟೆಂಪೊ, ಅದೇ ದಾರಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗೊರಕೆಯೂ ನಿಂತಿತ್ತು. ಈ ಸಲ ನರ್ಸಮ್ಮ ಎದುರಿಗೇ ಇದ್ದರು. ನಡೆದದ್ದೆಲ್ಲ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ವಾಂತಿ ಆದ್ರೆ, ಮಂಪರು ಬಂದ್ರೆ, ಆಗಿಂದಾಗ್ಲೇ ಕರ್ಕೊಂಡು ಬನ್ನಿ ಅಂತ ಡಾಕ್ಟ್ರು ಹೇಳಿದ್ರಂತಲ್ಲ. ಆಗಾಗ ಎಬ್ಬಿಸಿ ನೋಡಿ ಅಂತಲೂ ಹೇಳಿದ್ರಂತೆ. ನಿಮಗೆ ತಿಳೀಲಿಲ್ವಾ?"

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಪ್ಪನೇ, "ನಮಗೆ ತಿಳೀಲಿಲ್ಲ ಕಣವ್ವ," ಎಂದರು. ನಾನು ಹೇಳಬೇಕಿದ್ದ ಮಾತನ್ನು ಅವರು ಹೇಳಿದರು, ಕನ್ನಡದಲ್ಲಿ, ಬೆಳಗ್ಗೆ ಹೇಳಬೇಕಿದ್ದದ್ದನ್ನು ಸಂಜೆ.

ಮೇಷ್ಟ್ರ ತಂಗಿ ಬಂದು ಅವರ ಟ್ರಂಕು ಒಯ್ದರು. ಹೊರಡುವಾಗ ನನ್ನ ತಲೆ ನೇವರಿಸಿ, "ಅಣ್ಣನ ಜೊತೆ ಕೊನೆಯವರೆಗೂ ಇದ್ದೆಯಂತೆ," ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಅಪ್ಪ ಎರಡು ವರ್ಷದ ಕೆಳಗೆ ತೀರಿಕೊಂಡರು. ಬದುಕಿರುವವರೆಗೆ ಅವರು ಆ ದಿನದ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ನಮ್ಮ ಹುಡುಗಿಗೆ ಇಂಗ್ಲಿಷ್ ಬರುತ್ತದೆ ಎಂದು ಯಾರ ಹತ್ತಿರವೂ ಮತ್ತೆ ಹೇಳಲಿಲ್ಲ. ಈಗ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೇಷ್ಟ್ರಿದ್ದ ಕೋಣೆಯಲ್ಲಿ ಕಾಯಿ ಸುಲಿದ ಮಟ್ಟೆ ತುಂಬಿದ್ದೇವೆ.

ಕೆಲಸದ ಹೆಂಗಸು ಕೆಳಗಿಳಿದ ಮೇಲೆ, ಅಟ್ಟದಲ್ಲಿ ಒಬ್ಬಳೇ ಕೂತು ಚಿಪ್ಪಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ಎಲ್ಲಿಯೂ ಒಂದು ಸೀಳಿಲ್ಲ, ಸವೆತವಿಲ್ಲ. ಅದನ್ನು ಅಟ್ಟದ ಹಲಗೆಯ ಮೇಲೆ ಒಂದು ಸಲ ಕುಟ್ಟಿದೆ.

ಕೆಳಗಿನಿಂದ ಕೆಲಸದ ಹೆಂಗಸು ಕೂಗಿದಳು, "ಏನವ್ವ, ಕರುದ್ಯಾ?"

"ಇಲ್ಲ," ಎಂದೆ.