ಅಪ್ಪ ಗೆಸ್ಟ್ ಆಗಿ ಬಂದ ದಿನ

ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದಾಗ ನಮ್ಮ ಮೈಲಾಪೂರಿನ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಅಜ್ಜಿ ಮಾತ್ರ ಹೂಬತ್ತಿ ಹೊಸೆಯುತ್ತಾ, "ಅಡಿಗೆ ಕಲಿಯಕ್ಕೆ ಕಾಲೇಜಾ? ನಾನೇನು ಸತ್ತುಹೋದ್ನಾ?" ಎಂದು ಕೇಳಿದರು.

ಅಡಿಗೆಯೊಂದೇ ಅಲ್ಲ, ಬಡಿಸುವುದು, ಹಾಸಿಗೆ ಹಾಸುವುದು, ಬಂದವರನ್ನು ನಗುನಗುತ್ತಾ ಮಾತಾಡಿಸುವುದು, ಉಂಡ ತಟ್ಟೆ ಎತ್ತುವುದು ಎಲ್ಲವನ್ನೂ ಮೂರು ವರ್ಷ ಕಲಿಸುತ್ತಾರೆ ಎಂದು ವಿವರಿಸಿದೆ. ವಿವರಿಸಬಾರದಿತ್ತು.

"ಕಂಡೋರ ಎಂಜಲು ಎತ್ತಕ್ಕೆ ಮೂರು ವರ್ಷ ಬೇಕೇನೋ?" ಎಂದು ಅಜ್ಜಿ ಅಪ್ಪನತ್ತ ತಿರುಗಿದರು.

ಅಪ್ಪ ವಿಮಾ ಕಂಪನಿಯಲ್ಲಿ ಅಧಿಕಾರಿ. ಕಾಗದ ಪತ್ರ ನೋಡದೆ ತೀರ್ಮಾನ ಕೊಡುವವರಲ್ಲ. "ನೋಡೋಣ" ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅದೇ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಾಲೇಜು ಪೋರೂರಿನ ಆಚೆ, ಎರಡು ಬಸ್ಸಿನ ದೂರ. ನಮಗೆ ಸರ್ವಿಸ್ ಕಲಿಸುತ್ತಿದ್ದ ಮೇಷ್ಟ್ರು ಬಹಳ ವರ್ಷ ಹಡಗಿನಲ್ಲಿ ಬಡಿಸಿ ಬಂದವರು. ಅಲುಗಾಡದ ನೆಲದ ಮೇಲೆ ನಿಂತು ನಾವು ಸೂಪು ಚೆಲ್ಲುವುದು ಹೇಗೆಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಎರಡನೇ ವರ್ಷದ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ. ಕಾಲೇಜಿನ ಊಟದ ಹಾಲಿನಲ್ಲಿ ತಲಾ ಎರಡು ಟೇಬಲ್ ನಮ್ಮ ಪಾಲಿಗೆ. ಒಂದರಲ್ಲಿ ಕಾಲೇಜು ಕೂರಿಸಿದ ಅಪರಿಚಿತರು, ಇನ್ನೊಂದರಲ್ಲಿ ನಾವೇ ಕರೆತಂದ ಅತಿಥಿ. "ನಂಗೆ ನಗು ಬಂದ್ಬಿಡತ್ತೆ" ಎಂದು ಅಮ್ಮ ತಪ್ಪಿಸಿಕೊಂಡರು. ಅಪ್ಪ ಅರ್ಧ ದಿನ ರಜೆ ಹಾಕಿ, ಹಣೆಯ ಮೇಲೆ ಅಂಗಾರ ಅಕ್ಷತೆಯೊಂದಿಗೆ, ಆಫೀಸಿನ ಬ್ಯಾಗು ಹಿಡಿದು ಬಂದರು.

"ಗುಡ್ ಆಫ್ಟರ್‌ನೂನ್ ಸರ್, ವೆಲ್‌ಕಮ್" ಎಂದೆ.

ಅಪ್ಪ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ನಿಂದು ಊಟ ಆಯ್ತೇನಮ್ಮ?" ಎಂದು ಕೇಳಿದರು.

ಗೋಡೆಯ ಪಕ್ಕ ನಿಂತಿದ್ದ ಮೇಷ್ಟ್ರು ಏನೋ ಬರೆದುಕೊಂಡರು.

ಟೊಮೇಟೊ ಸೂಪು ಇಟ್ಟೆ. ಅಪ್ಪ ಗ್ಲಾಸಿನಿಂದ ಅಂಗೈಗೆ ನೀರು ಹಾಕಿಕೊಂಡು, ಬಟ್ಟಲಿನ ಸುತ್ತ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಪರಿಷೇಚನೆ ಮಾಡಿದರು. ಅವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿರುವಾಗ, ಚೆಲ್ಲಿದ್ದು ನಾನಲ್ಲ ಎಂದು ಮೇಷ್ಟ್ರಿಗೆ ಹೇಗೆ ತಿಳಿಸುವುದು ಎಂದು ನಾನು ಯೋಚಿಸುತ್ತಿದ್ದೆ.

ಈರುಳ್ಳಿ ಹಾಕದ ಪಲಾವಿಗೆ ಅಡಿಗೆ ತಂಡದ ಗೆಳತಿಗೆ ಮೊದಲೇ ಹೇಳಿಟ್ಟಿದ್ದೆ. ಅಪ್ಪ ಅದನ್ನು ತಿನ್ನುತ್ತಿದ್ದಾಗ ಪಕ್ಕದ ಟೇಬಲ್ಲಿನವರು ಕೋಳಿ ತಿಂದು ಮುಗಿಸಿದರು. ಮೂಳೆ ಉಳಿದಿದ್ದ ಮೂರು ತಟ್ಟೆಗಳನ್ನು ಎಡಗೈ ಮೇಲೆ ಜೋಡಿಸಿಕೊಂಡು ತಿರುಗಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಹೊರಟಿದ್ದ ಚಮಚ ಅರ್ಧ ದಾರಿಯಲ್ಲೇ ನಿಂತಿತ್ತು. ಎರಡು ವರ್ಷದಿಂದ ಎತ್ತಿದ ತಟ್ಟೆಗಳು ಆವತ್ತು ಮೊದಲ ಸಲ ಭಾರವೆನಿಸಿದವು. ಒಳಗೆ ಹೋಗಿ ಸಿಂಕಿನಲ್ಲಿಟ್ಟು ಕೈ ತೊಳೆದುಕೊಂಡೆ.

ಕೊನೆಯದು ಸಿಹಿ. ಅಪ್ಪನಿಗೆಂದು ಹೇಳಿದ್ದ ಹಣ್ಣಿನ ಸಲಾಡ್ ಬೇರೆ ಟೇಬಲ್ಲಿಗೆ ಹೋಗಿ ಖರ್ಚಾಗಿತ್ತು. ಉಳಿದದ್ದು ಕ್ಯಾರಮೆಲ್ ಕಸ್ಟರ್ಡ್ ಒಂದೇ. ಏನನ್ನೂ ಬಡಿಸದಿದ್ದರೆ ಅಂಕವಿಲ್ಲ. ಬಡಿಸಿದರೆ ಅಪ್ಪ ಏನೂ ಕೇಳದೆ ತಿಂದುಬಿಡುತ್ತಾರೆ.

"ಸಾರಿ ಸರ್, ಇದರಲ್ಲಿ ಮೊಟ್ಟೆ ಇದೆ" ಎಂದೆ.

"ಪರವಾಗಿಲ್ಲ, ನನ್ನ ಹತ್ರ ಮೊಸರನ್ನ ಇದೆ" ಎಂದು ಅಪ್ಪ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದರು. "ಎದುಕ್ಕುಂ ಇರುಕ್ಕಟ್ಟುಂ, ಯಾವುದಕ್ಕೂ ಇರಲಿ ಅಂತ ನಿಮ್ಮಮ್ಮ ಕಟ್ಟಿಕೊಟ್ಟಳು."

ಮೇಷ್ಟ್ರು ಹತ್ತಿರ ಬಂದರು. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡು ಅವರ ಬೆನ್ನ ಹಿಂದೆಯೇ ಇತ್ತು. ಅವರು ಡಬ್ಬಿಯನ್ನು ನೋಡಿದರು, ಅಪ್ಪನ ಹಣೆಯನ್ನು ನೋಡಿದರು.

"ಎನ್ನಮ್ಮಾ ನಿಕ್ಕಿರೆ? ಸರ್ವ್ ಪಣ್ಣು" ಎಂದರು. ಏನು ನಿಂತಿದ್ದೀಯ, ಬಡಿಸು ಎಂದರ್ಥ.

ಡಬ್ಬಿಯನ್ನು ಟ್ರೇಯಲ್ಲಿ ಒಳಗೆ ಒಯ್ದೆ. ಗಾಜಿನ ಬಟ್ಟಲಿಗೆ ಮೊಸರನ್ನ ಹಾಕಿ, ಅಂಚಿಗೆ ನಿಂಬೆ ಉಪ್ಪಿನಕಾಯಿ ಇಟ್ಟೆ. ಮೇಲೊಂದು ಚೆರಿ ಇಟ್ಟೆ. ಆಮೇಲೆ ತೆಗೆದೆ. ಹೊರಗೆ ಬಂದು, ಬಾಗಿ, ಅಪ್ಪನ ಮುಂದಿಟ್ಟು, "ಎಂಜಾಯ್ ಯುವರ್ ಡೆಸರ್ಟ್, ಸರ್" ಎಂದೆ.

"ಥ್ಯಾಂಕ್ಯೂ" ಎಂದರು ಅಪ್ಪ. ಅಪ್ಪ ನನಗೆ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು.

ಬಸ್ ಸ್ಟಾಪಿಗೆ ಇಬ್ಬರೂ ಒಟ್ಟಿಗೇ ನಡೆದೆವು. ಬಸ್ಸು ಕಾಣಿಸಿದ ಮೇಲೆ ಅಪ್ಪ ಕೇಳಿದರು, "ಕೈ ನೋಯತ್ತಾ?"

"ಇಲ್ಲಪ್ಪಾ, ಅಭ್ಯಾಸ ಆಗಿದೆ."

"ಮೂರು ತಟ್ಟೆ, ಒಂದೂ ಸದ್ದು ಮಾಡ್ಲಿಲ್ಲ" ಎಂದು ಹೇಳಿ ಬಸ್ಸು ಹತ್ತಿದರು. ನಾನು ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ಅಪ್ಪನಿಗೆ ನನ್ನ ಕಣ್ಣು ಕಾಣುವುದು ಬೇಡವಾಗಿತ್ತು.

ಮನೆಗೆ ಬಂದಾಗ, ಏನು ಬಡಿಸಿದಳೆಂದು ಅಜ್ಜಿ ಕೇಳಿದರು. "ಟೊಮೇಟೊ ಸಾರು, ಪಲಾವು, ಮೊಸರನ್ನ" ಎಂದರು ಅಪ್ಪ.

"ಅಷ್ಟಕ್ಕೆ ಪೋರೂರಿಗೆ ಹೋಗ್ಬೇಕಿತ್ತಾ?" ಎಂದರು ಅಜ್ಜಿ.

ಮೂರನೇ ವರ್ಷ ಮುಗಿಯುತ್ತಲೇ ಊರಿನ ದೊಡ್ಡ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಸಿಕ್ಕಿತು. ಮೊದಲ ವಾರ ಅಪ್ಪ ಒಂದು ಮಧ್ಯಾಹ್ನ ಬಂದು ಲಾಬಿಯ ಸೋಫಾದಲ್ಲಿ ಹತ್ತು ನಿಮಿಷ ಕೂತರು. ಎದ್ದು ಬಂದು, ಎಸಿ ಚೆನ್ನಾಗಿದೆ ಎಂದು ಹೇಳಿ, ಆಫೀಸಿಗೆ ಹೋದರು.