ಟಗರಿನ ಕೊರಳ ಫೋನು

ನಮ್ಮ ಕೆರೂರ ಸೀಮೆಯ ಚಂದಪ್ಪನನ್ನು ಪೊಲೀಸರು ನಂಬಲಿಲ್ಲ, ಅವನ ಫೋನನ್ನು ನಂಬಿದರು. ಇವರ ಬುದ್ಧಿಗೆ ಬೆಂಕಿ ಬೀಳಲಿ!

ಚಂದಪ್ಪ ಹುಟ್ಟಾ ಕುರಿಗಾರ. ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಫೋನು ಕಟ್ಟಿ ಕುರಿಗಾರರ ದೇವರು ಬೀರಪ್ಪನ ಪದ ಹಚ್ಚುತ್ತಿದ್ದ. ಪದ ನಿಂತರೆ ಟಗರೂ ನಿಲ್ಲುತ್ತಿತ್ತು. ಹೋದ ವರ್ಷ ಹೆಂಡತಿ ರಂಗವ್ವನ ತಮ್ಮ ಲಕ್ಷ್ಮಣ ತನ್ನ ಕುರಿಗಳಿಗೆ ಬಿಡಲು ಆ ಟಗರನ್ನು ಕೇಳಿದ. ಇವನು ಫೋನಿನ ಸಮೇತ ಕಳಿಸಿಕೊಟ್ಟ. ಲಕ್ಷ್ಮಣನ ಹಿಂಡು ಆಗ ಹುನಗುಂದದ ಕಡೆ ಇತ್ತು. ಅಲ್ಲಿ ಕಾಲುವೆಗೆ ನೀರು ಬಿಡಿ ಎಂದು ರೈತರು ರಸ್ತೆಯಲ್ಲಿ ಕುಳಿತಿದ್ದರು. ಯಾರೋ ಪೊಲೀಸ್ ಜೀಪಿಗೆ ಕಲ್ಲು ಒಗೆದರು. ಲಕ್ಷ್ಮಣ ಗುಂಪಿನಲ್ಲಿ ನಿಂತು ನೋಡಿದ್ದ, ಅಷ್ಟೇ.

ಆ ಹೊತ್ತಿಗೆ ಅಲ್ಲಿದ್ದ ಫೋನುಗಳನ್ನೆಲ್ಲ ಟವರಿನಿಂದ ಸೋಸಿ ತೆಗೆದರಂತೆ. ಟಗರು, ಫೋನು ಮರಳಿ ಬಂದವು. ಅವುಗಳ ಹಿಂದೆಯೇ ಠಾಣೆಯ ಬುಲಾವೂ ಬಂತು. ನೆರೆಮನೆಯ ನಾನೂ ಚಂದಪ್ಪನ ಜೊತೆಗೆ ಹೋದೆ.

"ಕಲ್ಲ ಒಗದಾಗ ನೀ ಅಲ್ಲೇ ಇದ್ದಿ," ಎಂದ ಸಾಹೇಬ.

"ಇಲ್ರಿ, ನಾ ಬನಶಂಕರಿ ಗುಡಿ ಕಡೆ ಕುರಿ ಮೇಸಾಕತ್ತಿದ್ನಿ."

"ಮತ್ತ ಫೋನ್ ಯಾರ ಕೈಯಾಗಿತ್ತು? ಹೆಸರ ಹೇಳು, ನಿನ್ನ ಬಿಡ್ತೇವಿ."

ಲಕ್ಷ್ಮಣನ ಹೆಂಡತಿ ಆಗ ಹಸಿ ಬಾಣಂತಿ. ಅವನ ಹೆಸರು ಹೇಳಲು ಚಂದಪ್ಪನಿಗೆ ಮನಸ್ಸಾಗಲಿಲ್ಲ.

"ನನ್ನ ಫೋನ್ ಅಂದಮ್ಯಾಲ ನಾನ ಇದ್ನಿರಿ. ಬರಕೋರಿ," ಎಂದುಬಿಟ್ಟ.

ಅವನ ಹೆಸರು ಗಲಭೆಕೋರರ ಪಟ್ಟಿಗೆ ಸೇರಿತು. ಈಗ ಯಾವ ಮಂತ್ರಿ ಜಿಲ್ಲೆಗೆ ಕಾಲಿಟ್ಟರೂ ಇವನು ಠಾಣೆಯ ಬೆಂಚಿನ ಮೇಲೆ ಕೂರಬೇಕು. ಫೋನು ಬಂದ್ ಮಾಡುವ ಹಾಗಿಲ್ಲ. ಎಲ್ಲಿ ಹಿಂಡು ನಿಲ್ಲಿಸಿದರೂ ಮಫ್ತಿಯವನೊಬ್ಬ ಬಂದು ಹೊಲದವರನ್ನು ವಿಚಾರಿಸುತ್ತಾನೆ. ಗೊಬ್ಬರಕ್ಕೆಂದು ಇವನ ಕುರಿಗಳನ್ನು ವರ್ಷವರ್ಷ ಕರೆಯುತ್ತಿದ್ದ ರೈತರು ಮುಖ ತಿರುಗಿಸುತ್ತಾರೆ. ದೇಶದ ಸುರಕ್ಷತೆಯಂತೆ, ಥೂ! ಕುರಿ ಕಾಯುವವನನ್ನು ಕಾಯಲು ಸಂಬಳ ತಿನ್ನುವ ಇವರಿಗೆ ನಾಚಿಕೆ ಬೇಡವೇ? ನನಗಂತೂ ಖಾಕಿ ಕಂಡರೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ನಾನೂ ಚಂದಪ್ಪನೂ ಅವನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಲಕ್ಷ್ಮಣ ಬಂದ. ರಂಗವ್ವ ಸಂಭ್ರಮದಿಂದ ರೊಟ್ಟಿ ಬಡಿಯಲು ಕುಳಿತಳು. ಅವನು ಹೊಸ್ತಿಲು ದಾಟಲಿಲ್ಲ.

"ಮಾಮಾ, ನನ್ನ ನಂಬರ ಅಳಿಸಿಬಿಡು. ಇನ್ನ ಫೋನ್ ಮಾಡಬ್ಯಾಡ. ನಿನ್ನ ಸಂಗಾಟ ಮಾತಾಡಿದವ್ರನ್ನೂ ಹಿಡೀತಾರಂತ. ನಂಗ ಭಾಳ ಅಂಜಿಕಿ ಆಗೈತಿ."

ನನಗೆ ತಡೆಯಲಾಗಲಿಲ್ಲ, ಬಯ್ಯಲು ಎದ್ದೆ. ಚಂದಪ್ಪ ನನ್ನ ರಟ್ಟೆ ಹಿಡಿದು ಕೂರಿಸಿದ. ಲಕ್ಷ್ಮಣ ತಲೆ ತಗ್ಗಿಸಿಕೊಂಡು ಹೊರಟುಹೋದ.

ರಂಗವ್ವ ಬಿಸಿ ರೊಟ್ಟಿಯ ತಾಟು ಹಿಡಿದು ಹೊರಗೆ ಬಂದಳು. "ಎಲ್ಲಿ ಹೋದ, ನನ್ನ ತಮ್ಮ?"

"ಯಾರರ ಕೇಳಿದ್ರ," ಎಂದ ಚಂದಪ್ಪ, "ನಿನ್ನ ತಮ್ಮ ಬಂದೇ ಇಲ್ಲ ಅನ್ನು."